ಆಟದ ಕಂಪ್ಯೂಟರಿಗೆ ಪವರ್ ಸಪ್ಲೈ: ಆಯ್ಕೆ ಹೇಗೆ?



ಬಿಡಿಭಾಗಗಳನ್ನು ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸುವ ಹವ್ಯಾಸ ನಿಮ್ಮಲ್ಲಿ ಅನೇಕರಿಗೆ ಇದೆ. ವಿಡಿಯೋ ಆಟಗಳಿಗಾಗಿ ಜೋಡಿಸುವುದಾದರೆ ಉತ್ಸಾಹ ಇನ್ನೂ ಹೆಚ್ಚು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು ಎಂದು ಗಂಟೆಗಟ್ಟಲೆ ಚರ್ಚಿಸುವವರು ಕೊನೆಗೆ, "ಉಳಿದ ಹಣಕ್ಕೆ ಒಂದು ಪವರ್ ಸಪ್ಲೈ ಕೊಡಿ" ಎಂದುಬಿಡುತ್ತಾರೆ. ಹೀಗೆ ಕೊನೆಯ ಸಾಲಿನಲ್ಲಿ ನಿಲ್ಲುವ ಈ ಪೆಟ್ಟಿಗೆಯೇ ಇಂದಿನ ನಮ್ಮ ವಿಷಯ. ತಂದೆತಾಯಿಯರು ಕೂಡಿಟ್ಟ ಹಣದಿಂದ ಕೊಂಡ ಉಳಿದೆಲ್ಲ ಭಾಗಗಳ ಆಯಸ್ಸು ಇದನ್ನು ಅವಲಂಬಿಸಿದೆ.

ಇದರ ಕೆಲಸವೇನು? ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್‌ನ ಪರ್ಯಾಯ ವಿದ್ಯುತ್. ಕಂಪ್ಯೂಟರಿನ ಒಳಭಾಗಗಳಿಗೆ ಬೇಕಾದದ್ದು 12, 5 ಮತ್ತು 3.3 ವೋಲ್ಟಿನ ಏಕಮುಖ ವಿದ್ಯುತ್. ಪವರ್ ಸಪ್ಲೈ ಮೊದಲು ಪರ್ಯಾಯ ವಿದ್ಯುತ್ತನ್ನು ಏಕಮುಖ ಮಾಡುತ್ತದೆ. ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕತ್ತರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ಇಳಿಸಿ, ಮತ್ತೆ ಏಕಮುಖ ಮಾಡಿ ಸೋಸುತ್ತದೆ. ಹೀಗೆ ಸ್ವಿಚ್ ಮಾಡುವುದರಿಂದಲೇ ಇದಕ್ಕೆ ಎಸ್‌ಎಂಪಿಎಸ್ ಎಂಬ ಹೆಸರು. 1995ರಲ್ಲಿ ಇಂಟೆಲ್ ಸಂಸ್ಥೆ ರೂಪಿಸಿದ ಎಟಿಎಕ್ಸ್ ಎಂಬ ಮಾನದಂಡ ಕಾಲಕಾಲಕ್ಕೆ ಪರಿಷ್ಕರಣೆಗೊಂಡು ಇಂದಿಗೂ ಬಳಕೆಯಲ್ಲಿದೆ. ಅದರ ಹಿಂದಿನ ಆವೃತ್ತಿಗಳಂತೆ 12 ವೋಲ್ಟಿನ ತಂತಿಯಲ್ಲಿ ಶೇಕಡಾ 5ರಷ್ಟು ಏರಿಳಿತಕ್ಕೆ ಮಾತ್ರ ಅವಕಾಶವಿತ್ತು. ಅಂದರೆ 11.4ರಿಂದ 12.6ರೊಳಗೆ ಅದು ನಿಲ್ಲಬೇಕಿತ್ತು.

ಈಗ ವಿರಾಜಪೇಟೆಯ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೊಡಗಿಗೆ ವಿದ್ಯುತ್ ಹಂಚುವುದು ಮೈಸೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಪೇಟೆಯಿಂದ ಆಚೆಗೆ ತಂತಿಗಳು ಕಾಫಿ ತೋಟಗಳ ನಡುವೆ, ಎತ್ತರದ ಸಿಲ್ವರ್ ಓಕ್ ಮರಗಳ ಪಕ್ಕದಲ್ಲಿ ಬಹುದೂರ ಸಾಗುತ್ತವೆ. ಕಕ್ಕಡ ತಿಂಗಳ ಗಾಳಿಮಳೆಯಲ್ಲಿ ಒಂದು ಕೊಂಬೆ ಮುರಿದರೂ ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಕಾಫಿ ಹೂವರಳಿಸುವ ಹೂಮಳೆಯ ದಿನಗಳಲ್ಲಿ ಗುಡುಗು ಸಿಡಿಲು. ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಮನೆಗಳಲ್ಲಿ, ಎಲ್ಲರೂ ದೀಪ ಹಚ್ಚುವ ಸಂಜೆಯ ಹೊತ್ತಿನಲ್ಲಿ ವೋಲ್ಟೇಜ್ ಇಳಿಯುವುದು ಸಹಜ. ಆದ್ದರಿಂದ ಪವರ್ ಸಪ್ಲೈಯನ್ನು ಗ್ರಾಫಿಕ್ಸ್ ಕಾರ್ಡ್ ನೋಡಿ ಮಾತ್ರ ಆರಿಸಿದರೆ ಸಾಲದು, ಮನೆಯ ಮುಂದಿನ ಕಂಬವನ್ನೂ ನೋಡಿ ಆರಿಸಬೇಕು.

ವೋಲ್ಟೇಜ್ ಇಳಿದರೆ ಏನಾಗುತ್ತದೆ? ಸಣ್ಣ ಲೆಕ್ಕ ಮಾಡಿ ನೋಡಿ. ಆಟ ಆಡುವಾಗ ಕಂಪ್ಯೂಟರ್ ಗೋಡೆಯಿಂದ 400 ವಾಟ್ ಎಳೆಯುತ್ತಿದೆ ಎನ್ನಿ. 230 ವೋಲ್ಟಿನಲ್ಲಿ ಅದಕ್ಕೆ ಬೇಕಾದ ಪ್ರವಾಹ ಸುಮಾರು 1.7 ಆಂಪಿಯರ್. ವೋಲ್ಟೇಜ್ 160ಕ್ಕೆ ಇಳಿದರೆ ಅದೇ ಕೆಲಸಕ್ಕೆ 2.5 ಆಂಪಿಯರ್ ಬೇಕು. ಬಲ್ಬಾದರೆ ಮಂಕಾಗಿ ಸುಮ್ಮನಾಗುತ್ತದೆ. ಪವರ್ ಸಪ್ಲೈ ಹಾಗಲ್ಲ, ಹೆಚ್ಚು ಪ್ರವಾಹ ಎಳೆದು ತಾನೇ ಬಿಸಿಯಾಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಮೊದಲು ಓದಬೇಕಾದ ಸಾಲು "ಇನ್‌ಪುಟ್". ಅಲ್ಲಿ 100ರಿಂದ 240 ವೋಲ್ಟ್ ಎಂದಿದ್ದರೆ ಉತ್ತಮ. ಆಕ್ಟಿವ್ ಪಿಎಫ್‌ಸಿ ಎಂಬ ವ್ಯವಸ್ಥೆಯುಳ್ಳ ಪವರ್ ಸಪ್ಲೈಗಳಲ್ಲಿ ಸಾಮಾನ್ಯವಾಗಿ ಈ ವಿಶಾಲ ವ್ಯಾಪ್ತಿ ಇರುತ್ತದೆ. 200ರಿಂದ 240 ಎಂದಷ್ಟೇ ಬರೆದಿದ್ದರೆ, ಕಡಿಮೆ ವೋಲ್ಟೇಜಿನ ಮನೆಗೆ ಅದು ಹೊಂದದು. ಹಿಂಬದಿಯಲ್ಲಿ 115 ಮತ್ತು 230 ಎಂಬ ಕೆಂಪು ಸ್ವಿಚ್ ಇರುವ ಹಳೆಯ ಮಾದರಿ ಸಿಕ್ಕರೆ ಅದನ್ನು ಎಂದೂ 115ಕ್ಕೆ ತಿರುಗಿಸಬೇಡಿ. ಪೆಟ್ಟಿಗೆ ಸಿಡಿದೀತು.

ಎಷ್ಟು ವಾಟ್ ಬೇಕು? ಇದೂ ಕೂಡುವ ಲೆಕ್ಕವೇ. ರೈಜನ್ 5 7600 ಪ್ರೊಸೆಸರ್ ಹೆಚ್ಚೆಂದರೆ ಸುಮಾರು 88 ವಾಟ್ ಬಳಸುತ್ತದೆ. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡಿನದು 115 ವಾಟ್. ಮದರ್‌ಬೋರ್ಡ್, ಮೆಮೊರಿ, ಡಿಸ್ಕ್, ಫ್ಯಾನುಗಳಿಗೆ 60 ಎಂದಿಟ್ಟುಕೊಳ್ಳಿ. ಒಟ್ಟು 263 ವಾಟ್. ಗ್ರಾಫಿಕ್ಸ್ ಕಾರ್ಡ್ ಕ್ಷಣಮಾತ್ರ ತನ್ನ ಮಿತಿಗಿಂತ ಹೆಚ್ಚು ಎಳೆಯುವುದುಂಟು. ಅದಕ್ಕೂ ಮುಂದಿನ ಬದಲಾವಣೆಗೂ ಜಾಗ ಬಿಟ್ಟು 550 ವಾಟ್ ಸಾಕು. ಈ ಕಾರ್ಡಿಗೆ ತಯಾರಕರು ಸೂಚಿಸಿರುವುದೂ ಅಷ್ಟೇ. ಇಂಥ ಕಂಪ್ಯೂಟರಿಗೆ 850 ವಾಟ್ ಬೇಕೆಂದು ಯಾರಾದರೂ ಹೇಳಿದರೆ ಈ ಲೆಕ್ಕವನ್ನು ಅವರ ಮುಂದಿಡಿ. ಹೆಚ್ಚಿನ ವಾಟಿಗೆ ಕೊಡುವ ಹಣವನ್ನು ಉತ್ತಮ ಗುಣಮಟ್ಟಕ್ಕೆ ಕೊಡುವುದು ಲೇಸು.

ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ನಂಬಿಬಿಡಬೇಡಿ. ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಇದೆ ನೋಡಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ಈ ತಂತಿಯಿಂದಲೇ ಬದುಕುತ್ತವೆ. 45 ಆಂಪಿಯರ್ ಎಂದಿದ್ದರೆ 45ನ್ನು 12ರಿಂದ ಗುಣಿಸಿ, 540 ವಾಟ್ ಬರುತ್ತದೆ. ಅದು 550ರ ಪೆಟ್ಟಿಗೆಗೆ ತಕ್ಕ ಮಾತು. 500 ವಾಟ್ ಎಂದು ದೊಡ್ಡದಾಗಿ ಬರೆದು 12 ವೋಲ್ಟಿಗೆ 25 ಆಂಪಿಯರ್ ಮಾತ್ರ ಕೊಟ್ಟಿದ್ದರೆ, ನಿಮಗೆ ದಕ್ಕುವುದು 300 ವಾಟ್!

'80 ಪ್ಲಸ್' ಎಂಬ ಮುದ್ರೆ ದಕ್ಷತೆಯನ್ನು ತಿಳಿಸುತ್ತದೆ. 115 ವೋಲ್ಟಿನ ಪರೀಕ್ಷೆಯಲ್ಲಿ, ಅರ್ಧ ಹೊರೆಯಿರುವಾಗ ಬ್ರಾಂಜ್ ದರ್ಜೆಗೆ ಶೇಕಡಾ 85, ಗೋಲ್ಡ್ ದರ್ಜೆಗೆ ಶೇಕಡಾ 90 ದಕ್ಷತೆ ಇರಬೇಕು. ಉಳಿದದ್ದು ಶಾಖವಾಗಿ ಹೋಗುತ್ತದೆ. ಆದರೆ ದಕ್ಷತೆ ಬೇರೆ, ಸುರಕ್ಷತೆ ಬೇರೆ. ವೋಲ್ಟೇಜ್ ಮೀರಿದಾಗ, ಪ್ರವಾಹ ಮೀರಿದಾಗ, ಶಾರ್ಟ್ ಆದಾಗ, ಬಿಸಿ ಹೆಚ್ಚಿದಾಗ ತಾನೇ ನಿಲ್ಲುವ ರಕ್ಷಣೆಗಳಿವೆಯೇ ಎಂದು ಬೇರೆಯಾಗಿಯೇ ವಿಚಾರಿಸಿ. ಒಳ್ಳೆಯ ಪವರ್ ಸಪ್ಲೈ ಕೆಟ್ಟರೆ ಸಾಮಾನ್ಯವಾಗಿ ತಾನೊಂದೇ ಕೆಡುತ್ತದೆ. ರಕ್ಷಣೆಯಿಲ್ಲದ್ದು ಕೆಡುವಾಗ ಮದರ್‌ಬೋರ್ಡನ್ನೂ ಗ್ರಾಫಿಕ್ಸ್ ಕಾರ್ಡನ್ನೂ ಜೊತೆಗೆ ಕರೆದೊಯ್ಯಬಹುದು. ವಾರಂಟಿ ಎಷ್ಟು ವರ್ಷ ಎಂಬುದನ್ನೂ ಕೇಳಿ.

ಇನ್ನು ಕರೆಂಟ್ ಹೋಗುವ ಸಮಸ್ಯೆ. ಎಟಿಎಕ್ಸ್ ನಿಯಮದ ಹಿಂದಿನ ಆವೃತ್ತಿಗಳಂತೆ ವಿದ್ಯುತ್ ಕಡಿದ ಮೇಲೂ ಪವರ್ ಸಪ್ಲೈ ತುಂಬು ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡ್ ಕಾಲ ಕಂಪ್ಯೂಟರನ್ನು ನಡೆಸಬೇಕಿತ್ತು. 50 ಹರ್ಟ್ಸ್‌ನ ಒಂದು ಆವರ್ತನಕ್ಕೆ ಹಿಡಿಯುವ ಸಮಯವೇ 20 ಮಿಲಿಸೆಕೆಂಡ್. ಅಷ್ಟರೊಳಗೆ ಯುಪಿಎಸ್ ಕೈಹಿಡಿಯಬೇಕು. ಮನೆಯ ಇನ್ವರ್ಟರಿಗೇ ಜೋಡಿಸುವುದಾದರೆ ಅದರಲ್ಲಿರುವ ಸ್ವಿಚ್ಚನ್ನು 'ಯುಪಿಎಸ್' ಸ್ಥಾನದಲ್ಲಿಡಿ. ಇನ್ವರ್ಟರ್ ಶುದ್ಧ ಸೈನ್ ತರಂಗದ್ದಾಗಿರಲಿ. ಚೌಕ ತರಂಗ ಬಂದಾಗ ಆಕ್ಟಿವ್ ಪಿಎಫ್‌ಸಿ ಇರುವ ಕೆಲವು ಪವರ್ ಸಪ್ಲೈಗಳು ಗೊಣಗುತ್ತವೆ ಅಥವಾ ನಿಂತೇಬಿಡುತ್ತವೆ. ಯುಪಿಎಸ್ ಕೊಳ್ಳುವಾಗ ವಿಎ ಅಂಕಿಯ ಬದಲು ವಾಟ್ ಅಂಕಿಯನ್ನು ಕೇಳಿ. 600 ವಿಎ ಎಂದು ಮಾರುವ ಯುಪಿಎಸ್ ಕೊಡುವುದು ಅನೇಕ ವೇಳೆ 360 ವಾಟ್ ಮಾತ್ರ. ಮಾನಿಟರನ್ನೂ ಸೇರಿಸಿದರೆ ನಾವು ಲೆಕ್ಕ ಹಾಕಿದ ಕಂಪ್ಯೂಟರಿಗೆ ಅದು ತೀರ ಬಿಗಿ.

ಕೊನೆಯದಾಗಿ, ಹಣಕ್ಕಿಂತ ದೊಡ್ಡ ಮಾತು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೂರನೆಯ ಪಿನ್ ಅಲಂಕಾರಕ್ಕಲ್ಲ. ಕಂಪ್ಯೂಟರಿನ ಲೋಹದ ಮೈ ಮುಟ್ಟಿದಾಗ ಜುಮ್ಮೆಂದರೆ ಅರ್ಥಿಂಗ್ ಸರಿಯಿಲ್ಲವೆಂದೇ ತಿಳಿಯಿರಿ. ತಿಳಿದ ಎಲೆಕ್ಟ್ರೀಷಿಯನ್‌ನಿಂದ ಸರಿಪಡಿಸಿಕೊಂಡ ಮೇಲೆಯೇ ಮುಂದಿನ ಆಟ. ಸಿಡಿಲಿನ ಎದುರು ಯಾವ ಪವರ್ ಸಪ್ಲೈಯೂ ನಿಲ್ಲದು. ಗುಡುಗು ದೂರದಲ್ಲಿರುವಾಗಲೇ ಪ್ಲಗ್ಗನ್ನೂ ಇಂಟರ್ನೆಟ್ ತಂತಿಯನ್ನೂ ಕಿತ್ತಿಡಿ. ಒಂದು ಪವರ್ ಸಪ್ಲೈಯ ತಂತಿಯನ್ನು ಇನ್ನೊಂದಕ್ಕೆ ಸಿಕ್ಕಿಸಬೇಡಿ. ನೋಡಲು ಒಂದೇ ರೀತಿ ಇದ್ದರೂ ಒಳಗಿನ ಜೋಡಣೆ ಬೇರೆ ಇರಬಹುದು. ಪವರ್ ಸಪ್ಲೈಯ ಪೆಟ್ಟಿಗೆಯನ್ನಂತೂ ಎಂದಿಗೂ ಬಿಚ್ಚಬೇಡಿ. ಒಳಗಿನ ಕೆಪಾಸಿಟರಿನಲ್ಲಿ ಸುಮಾರು 400 ವೋಲ್ಟ್ ತುಂಬಿರುತ್ತದೆ. ಪ್ಲಗ್ ತೆಗೆದ ಮೇಲೂ ಅದು ಕೆಲಕಾಲ ಉಳಿಯುತ್ತದೆ.

ಅಂಗಡಿಗೆ ಹೊರಡುವ ಮುನ್ನ ಒಂದು ಕೆಲಸ ಮಾಡಿ. ಮಲ್ಟಿಮೀಟರ್ ಬಳಸಲು ಬಲ್ಲ ಹಿರಿಯರ ನೆರವಿನಿಂದ ನಿಮ್ಮ ಮನೆಯ ವೋಲ್ಟೇಜನ್ನು ಬೆಳಿಗ್ಗೆ, ಸಂಜೆ, ರಾತ್ರಿ ಒಂದು ವಾರ ಅಳೆದು ಪುಸ್ತಕದಲ್ಲಿ ಬರೆದಿಡಿ. ಭೌತಶಾಸ್ತ್ರದ ಪಾಠವೂ ಆಯಿತು. ಮಾರಾಟಗಾರನ ಮಾತಿಗಿಂತ ಆ ಪುಟದ ಅಂಕಿಗಳೇ ನಿಮಗೆ ಒಳ್ಳೆಯ ಸಲಹೆ ಕೊಡುತ್ತವೆ.