ಮಂತ್ರಿಯು ರಾಣಿಯಾದ ಬಗೆ

ಚತುರಂಗವೆಂದರೆ ರಥ, ಗಜ, ತುರಗ, ಪದಾತಿಗಳೆಂಬ ನಾಲ್ಕು ಅಂಗಗಳುಳ್ಳ ಸೇನೆ. ಆ ಸೇನೆಯ ಹೆಸರನ್ನೇ ಪಡೆದ ನಮ್ಮ ಪ್ರಾಚೀನ ಆಟದಲ್ಲಿ ರಾಜನ ಮಗ್ಗುಲಿಗೆ ನಿಲ್ಲುತ್ತಿದ್ದವನು ಮಂತ್ರಿ. ರಣರಂಗದ ಅನುಕರಣವಾದ ಆ ಮಣೆಯಲ್ಲಿ ಸ್ತ್ರೀಗೆ ಸ್ಥಾನವಿರಲಿಲ್ಲ. ಇಂದಾದರೋ ಲೋಕದ ಬಹುಭಾಗದಲ್ಲಿ ಆ ಮನೆಯಲ್ಲಿ ನಿಂತಿರುವವಳು ರಾಣಿ. ಅವಳಿಗಿಂತ ಬಲವುಳ್ಳ ಕಾಯಿ ಬೇರೊಂದಿಲ್ಲ. ಈ ಮಾರ್ಪಾಟನ್ನು ವಿಚಾರಿಸುವಾಗ ನಾವು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ರಾಣಿಯೆಂಬ ಹೆಸರು ಬಂದುದು ಯಾವಾಗ? ರಾಣಿಯ ಬಲ ಬಂದುದು ಯಾವಾಗ?

ಏಳನೆಯ ಶತಮಾನದಲ್ಲಿ ಬಾಣಭಟ್ಟನು ತನ್ನ ಹರ್ಷಚರಿತದಲ್ಲಿ ಈ ಆಟವನ್ನು ಶ್ಲೇಷೆಯಿಂದ ಸೂಚಿಸಿದ್ದಾನೆ. ನಮ್ಮ ದೇಶದಿಂದ ಆಟವು ಪಾರಸಿಕರಿಗೂ ಅವರಿಂದ ಅರಬರಿಗೂ ಹೋಯಿತು. ಮಂತ್ರಿಯನ್ನು ಪಾರಸಿಕರು ಫರ್ಜೀನ್ ಎಂದರು. ಅರಬರು ಫಿರ್ಜಾನ್ ಎಂದರು. ಅವನ ನಡೆ ಮಾತ್ರ ಅತ್ಯಲ್ಪವಾದುದು: ಓರೆಯಾಗಿ ಒಂದೇ ಮನೆ. ಮಣೆಯ ನಡುವೆ ನಿಂತರೂ ಅವನ ಕೈಗೆಟುಕುವುವು ನಾಲ್ಕೇ ಮನೆಗಳು. ಅರುವತ್ತನಾಲ್ಕು ಮನೆಗಳಲ್ಲಿ ಅರ್ಧವನ್ನು ಅವನು ಎಂದಿಗೂ ಮೆಟ್ಟಲಾರನು. ಒಡೆಯನನ್ನು ಬಿಟ್ಟು ದೂರ ಹೋಗದಿರುವುದೇ ಮಂತ್ರಿಯ ಧರ್ಮವೆಂದು ಹಿಂದಿನವರು ಭಾವಿಸಿದಂತಿದೆ.

ಅರಬರ ಮೂಲಕ ಆಟವು ಯೂರೋಪನ್ನು ಸೇರಿತು. ಸ್ವಿಟ್ಜರ್ಲೆಂಡಿನ ಐನ್‌ಸೀಡೆಲ್ನ್ ಮಠದಲ್ಲಿ ದೊರೆತ, ಸುಮಾರು ಕ್ರಿ. ಶ. 1000 ರ ಲ್ಯಾಟಿನ್ ಪದ್ಯವೊಂದರಲ್ಲಿ ಈ ಕಾಯಿಗೆ ‘ರೆಜೀನಾ’, ಅಂದರೆ ರಾಣಿ, ಎಂಬ ಹೆಸರಿದೆ. ಅಲ್ಲಿಯ ಆಸ್ಥಾನಗಳಲ್ಲಿ ಅರಸನ ಪಕ್ಕದಲ್ಲಿ ಕಾಣುತ್ತಿದ್ದವಳು ರಾಣಿ. ಆ ಕಾಲದಲ್ಲಿಯೇ ಸಾಮ್ರಾಜ್ಞಿ ಥಿಯೋಫಾನೋ ತನ್ನ ಬಾಲಪುತ್ರನ ಪರವಾಗಿ 991 ರಲ್ಲಿ ತೀರಿಕೊಳ್ಳುವವರೆಗೆ ರಾಜ್ಯವಾಳಿದಳು. ಅನಂತರ ಅವಳ ಅತ್ತೆ ಅಡಿಲೈಡಳು ಆಳಿದಳು. ಆದುದರಿಂದ ಹೆಸರು ಮಾರ್ಪಟ್ಟುದು ಸೋಜಿಗವಲ್ಲ.

ಆದರೆ ಹೆಸರಿನಿಂದ ಒಂದು ತೊಡಕು ಹುಟ್ಟಿತು. ಕೊನೆಯ ಸಾಲನ್ನು ಮುಟ್ಟಿದ ಕಾಲಾಳಿಗೆ ಮಂತ್ರಿಪದವಿ ದೊರೆಯುವುದು ವಾಡಿಕೆ. ಅರಸನಿಗೆ ಇಬ್ಬರು ಮಂತ್ರಿಗಳಿದ್ದರೆ ಬಾಧಕವಿಲ್ಲ. ಇಬ್ಬರು ರಾಣಿಯರಿದ್ದರೆ ಕ್ರೈಸ್ತಧರ್ಮವು ಒಪ್ಪೀತೆ? ಮೊದಲ ರಾಣಿಯು ಮಣೆಯಿಂದ ಹೋಗಿದ್ದರೆ ಮಾತ್ರ ಕಾಲಾಳು ರಾಣಿಯಾಗಬಹುದೆಂದು ಅದೇ ಪದ್ಯವು ವಿಧಿಸುತ್ತದೆ. ನಡೆಯಾದರೋ ಹಿಂದಿನದೇ, ಒಂದೇ ಮನೆ.

ಬಲ ಬಂದುದು ಹದಿನೈದನೆಯ ಶತಮಾನದ ಕೊನೆಗೆ. ಸ್ಪೇನಿನ ವೆಲೆನ್ಸಿಯಾ ಪಟ್ಟಣದಲ್ಲಿ ಸುಮಾರು 1475 ರಲ್ಲಿ ಮೂವರು ಕವಿಗಳು ಕೂಡಿ ಬರೆದ ಕೆಟಲಾನ್ ಕಾವ್ಯವೊಂದರಲ್ಲಿ ಹೊಸ ನಡೆಯ ರಾಣಿಯು ಕಾಣುತ್ತಾಳೆ. 1497 ರಲ್ಲಿ ಸಲಮಾಂಕಾದಲ್ಲಿ ಅಚ್ಚಾದ ಲೂಸೇನನ ಪುಸ್ತಕದಲ್ಲಿ ಹಳೆಯ ಆಟವೂ ‘ರಾಣಿಯ ಆಟ’ವೂ ಒಟ್ಟಿಗೆ ಇವೆ. ಈಗ ಅವಳು ನೇರವಾಗಿಯೂ ಓರೆಯಾಗಿಯೂ ತಡೆಯಿಲ್ಲದಷ್ಟು ದೂರ ಸಾಗಬಲ್ಲಳು; ಬರಿದಾದ ಮಣೆಯ ನಡುವೆ ನಿಂತರೆ ಇಪ್ಪತ್ತೇಳು ಮನೆಗಳು ಅವಳ ವಶ. ಹಿಂದೆ ಎರಡು ಸೇನೆಗಳು ಸಮೀಪಿಸುವುದಕ್ಕೇ ಬಹು ನಡೆಗಳು ಬೇಕಾಗುತ್ತಿದ್ದುವು. ಈಗ ಎಚ್ಚರದಪ್ಪಿದವನ ರಾಜನು ಎದುರಾಳಿಯ ಎರಡನೆಯ ನಡೆಗೇ ಸೆರೆಯಾಗಬಹುದು. ಇಟಲಿಯವರು ಇದಕ್ಕೆ ‘ಹುಚ್ಚೆದ್ದ ಆಟ’ವೆಂಬ ಅರ್ಥದ ಹೆಸರನ್ನಿಟ್ಟರು.

1474 ರಲ್ಲಿ ಇಸಬೆಲ್ಲಾ ಕ್ಯಾಸ್ಟೀಲಿನ ಸಿಂಹಾಸನವನ್ನೇರಿದಳು. ಅವಳ ಪ್ರತಾಪವೇ ಮಣೆಯ ಮೇಲೆ ಮೂಡಿತೆಂದು ಕೆಲವರು ಹೇಳುತ್ತಾರೆ. ಊಹೆ ರಮ್ಯವಾಗಿದೆ, ಆದರೆ ಕಾಲಸಾಮ್ಯವೊಂದೇ ಪ್ರಮಾಣವಾಗಲಾರದು. ಅದೇ ಸುಧಾರಣೆಯಲ್ಲಿ ಬಿಷಪ್ಪನ ನಡೆಯೂ ದೀರ್ಘವಾಯಿತು. ಅವನಿಗೆ ಯಾವ ರಾಣಿಯು ಆದರ್ಶ? ಮಂದಗತಿಯಿಂದ ಬೇಸತ್ತ ಆಟಗಾರರ ಆತುರವನ್ನೂ ನಾವು ಗಣಿಸಬೇಕಾಗುತ್ತದೆ.

ನಮ್ಮಲ್ಲಿ ಹಲವರು ಇಂದಿಗೂ ಈ ಕಾಯಿಯನ್ನು ಮಂತ್ರಿಯೆಂದೇ ಕರೆಯುತ್ತಾರೆ. ರಷ್ಯನರ ‘ಫೆರ್ಜ್’ ಎಂಬ ಮಾತಿನಲ್ಲಿಯೂ ಪಾರಸಿಕ ಮಂತ್ರಿಯೇ ಅಡಗಿದ್ದಾನೆ. ರಾಣಿಯೆಂದರೂ ಸರಿ, ಮಂತ್ರಿಯೆಂದರೂ ಸರಿ. ಎರಡು ಹೆಸರುಗಳಿಗೂ ಚರಿತ್ರೆಯ ಆಧಾರವಿದೆ. ಆದರೆ ಒಂದು ಸಂಗತಿಯನ್ನು ನಾವು ಮರೆಯಲಾಗದು. ರಾಣಿಯೆನಿಸಿಕೊಂಡ ಮೇಲೆಯೂ ಈ ಕಾಯಿ ಸುಮಾರು ಐದು ಶತಮಾನಗಳ ಕಾಲ ಒಂದೊಂದೇ ಮನೆಯನ್ನು ನಡೆಯಿತು. ಬಿರುದು ಕೊಡುವುದು ಸುಲಭ. ನಡೆಯುವುದಕ್ಕೆ ದಾರಿ ಬಿಡುವುದು ಬೇರೆಯ ಮಾತು. ಮಣೆಯ ಹೊರಗೂ ಇದು ಹೀಗೆಯೇ ಅಲ್ಲವೆ?