ಅಂಜಬ್ಯಾಡ ಅಂದ್ರೆ ಅಂಜಿಕೆ ಹೋಗುತ್ತಾ?

ಇವತ್ತಿನ ಮಾತು ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಅಪ್ಪ ಅಮ್ಮಂದಿರಿಗೆ, ಅಲ್ಲಿನ ಶಾಲೆಗಳ ಪಿ.ಟಿ. ಸರ್‌ಗಳಿಗೆ. ಉಳಿದವರು ಕೇಳಬಾರದು ಅಂತಲ್ಲ, ಕೇಳಿ.

ಶಾಲಾ ಕ್ರೀಡಾಕೂಟದ ಮೆಟ್ಟಿಲುಗಳು ನಿಮಗೆ ಗೊತ್ತೇ ಇವೆ. ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ. ಕಾಲುವೆ ದಂಡೆಯ ಮೇಲೆ ಬರಿಗಾಲಲ್ಲಿ ಓಡಿ ಬೆಳೆದ ಹುಡುಗಿ ಸಿಂಧನೂರು ತಾಲೂಕಿಗೇ ಮೊದಲು ಬರ್ತಾಳೆ ಅಂದುಕೊಳ್ಳಿ. ಮುಂದಿನ ಮೆಟ್ಟಿಲು ರಾಯಚೂರು, ಸುಮಾರು 90 ಕಿಲೋಮೀಟರ್. ನಸುಕಿನಲ್ಲೇ ಎದ್ದು ಕ್ರೂಸರ್‌ನಲ್ಲಿ ಕೂತು ಹೋಗ್ತಾಳೆ. ಅಲ್ಲಿ ದೊಡ್ಡ ಮೈದಾನ, ಮೈಕಿನ ಸದ್ದು, ಸ್ಪೈಕ್ಸ್ ಹಾಕಿಕೊಂಡು ನಿಂತ ಬೇರೆ ಮಕ್ಕಳು. ಬಾಯಿ ಒಣಗುತ್ತೆ, ಹೊಟ್ಟೆಯಲ್ಲಿ ತಳಮಳ, ಕಾಲು ಭಾರ. ಊರಲ್ಲಿ ಇದ್ದ ವೇಗ ಅಲ್ಲಿ ಬರೋದೇ ಇಲ್ಲ. ವಾಪಸ್ ಬರುವಾಗ ಗಾಡಿಯಲ್ಲೇ ತೀರ್ಪು ಬಂದುಬಿಡುತ್ತೆ: "ಹುಡುಗಿ ಚಲೋ ಓಡ್ತಾಳ್ರೀ, ಆದ್ರ ಧೈರ್ಯ ಇಲ್ಲ."

ನನ್ನ ತಕರಾರು ಇರೋದು ಆ ಒಂದು ಮಾತಿನ ಮೇಲೆ. ಯಾಕಂದ್ರೆ ಮುಂದಿನ ವರ್ಷ ಆಕೆಯನ್ನು ಕಳಿಸೋದೇ ಇಲ್ಲ. ಕ್ರೀಡಾ ಹಾಸ್ಟೆಲ್, ಕ್ರೀಡಾ ಕೋಟಾದ ಸೀಟು, ನಾಳೆ ಸಿಗಬಹುದಾಗಿದ್ದ ಒಂದು ನೌಕರಿ, ಎಲ್ಲ ಆ ತೀರ್ಪಿನ ಜೊತೆಗೇ ಹೋಗುತ್ತೆ. ಓಟ ಕಲಿಸಬಹುದು, ಧೈರ್ಯ ಮಾತ್ರ ಹುಟ್ಟಿನಿಂದ ಬರಬೇಕು ಅಂತ ನಾವು ನಂಬಿಬಿಟ್ಟಿದ್ದೇವೆ. ಇದು ತಪ್ಪು.

ಎದೆ ಬಡಿತ ಏರೋದು ಹೇಡಿತನ ಅಲ್ಲ, ದೇಹ ಕೆಲಸಕ್ಕೆ ಸಜ್ಜಾಗ್ತಿದೆ ಅಂತ ಅರ್ಥ. ಸ್ವಲ್ಪ ಉದ್ವೇಗ ಬೇಕೇ ಬೇಕು. ಜಾಸ್ತಿಯಾದರೆ ಕೆಲಸ ಕೆಡುತ್ತೆ. ಇದನ್ನು ಯರ್ಕ್ಸ್ ಮತ್ತು ಡಾಡ್ಸನ್ ಎಂಬಿಬ್ಬರು 1908ರಲ್ಲೇ ಇಲಿಗಳ ಮೇಲೆ ಪ್ರಯೋಗ ಮಾಡಿ ಹೇಳಿದ್ದರು. ನಾನು ಓದಿದ್ದು ಎಂಜಿನಿಯರಿಂಗ್, ನನಗೆ ಇದು ಜಾತ್ರೆಯ ಮೈಕಿನ ಹಾಗೆ ಕಾಣುತ್ತೆ. ವಾಲ್ಯೂಮ್ ಕಮ್ಮಿ ಇದ್ದರೆ ಯಾರಿಗೂ ಕೇಳಲ್ಲ. ಪೂರ್ತಿ ತಿರುವಿದರೆ ಕುಂಯ್ ಅಂತ ಕಿರುಚುತ್ತೆ. ಮೈಕ್ ಕೆಟ್ಟಿದೆ ಅಂತ ಎಸೀತೀವಾ? ಗುಂಡಿ ತಿರುವಿ ಸರಿ ಮಾಡ್ತೀವಿ.

ಇನ್ನೊಂದು ಸಂಗತಿ. ಜೋಳದ ರೊಟ್ಟಿ ಬಡೀತಿರುವ ನಿಮ್ಮ ಅವ್ವನನ್ನು ಕೇಳಿ ನೋಡಿ: "ಯವ್ವಾ, ರೊಟ್ಟಿ ತಿರುಗಿಸೋದು ಯಾವ ಬೆರಳಿಂದ?" ಆಕೆ ಅದನ್ನು ಯೋಚಿಸೋಕೆ ಶುರು ಮಾಡಿದ ತಕ್ಷಣ ಕೈಯ ಲಯ ತಪ್ಪುತ್ತೆ. ಕೈಗೆ ರೂಢಿಯಾದ ಕೆಲಸದೊಳಗೆ ತಲೆ ಹಾಕಿದರೆ ಹೀಗೇ ಆಗೋದು. ಗೆರೆಯ ಮೇಲೆ ನಿಂತ ಮಗುವಿಗೆ ನಾವು ಮಾಡೋದೂ ಇದನ್ನೇ. "ಕೈ ಬೀಸು, ಮೊಣಕಾಲು ಎತ್ತು, ಆಕಡೆ ನೋಡಬ್ಯಾಡ, ಅಂಜಬ್ಯಾಡ" ಅಂತ ನಾಲ್ಕೂ ದಿಕ್ಕಿನಿಂದ ಕೂಗ್ತೀವಿ.

ದೊಡ್ಡವರಿಗೆ ಅಂಜಿಕೆ ಇರಲಿಲ್ಲವಾ? ನಮ್ಮ ರಾಹುಲ್ ದ್ರಾವಿಡ್ ಟೆಸ್ಟ್ ಕ್ರಿಕೆಟ್‌ನಲ್ಲಿ 31,258 ಎಸೆತ ಎದುರಿಸಿದರು, ಅದು ದಾಖಲೆ. ಜನ ಅವರನ್ನು ಗೋಡೆ ಅಂದರು. ಆದರೆ ಅವರೇ ಹೇಳಿಕೊಂಡಿರೋದು ಬೇರೆ. ಮೊದಲೆಲ್ಲ ಆಡದೇ ಇರುವಾಗಲೂ ತಲೆಯಲ್ಲಿ ಬ್ಯಾಟಿಂಗೇ ಓಡುತ್ತಿತ್ತಂತೆ. ಅದರಿಂದ ಆಟವೇನೂ ಸುಧಾರಿಸಲಿಲ್ಲ, ಸುಸ್ತಾಗಿದ್ದೇ ಬಂತು. ತಾನು ಸೆಹ್ವಾಗ್ ಥರ ಹಗುರ ಮನಸ್ಸಿನವನಲ್ಲ ಅಂತ ಅರಿತು, ಮನಸ್ಸನ್ನು ಆಟದಿಂದ ಬಿಡಿಸಿಕೊಳ್ಳೋದನ್ನು ಬೇರೆಯಾಗಿಯೇ ಕಲಿತರಂತೆ. ಕಲಿತರು ಅನ್ನೋ ಮಾತನ್ನು ಗಮನಿಸಿ.

ಅಭಿನವ್ ಬಿಂದ್ರಾ 2004ರ ಅಥೆನ್ಸ್‌ನಲ್ಲಿ ಚೆನ್ನಾಗಿಯೇ ಫೈನಲ್ ತಲುಪಿ, ಅಲ್ಲಿ ಏಳನೆಯವರಾದರು. ಮುಂದಿನ ಒಲಿಂಪಿಕ್ಸ್‌ಗೆ ಮೊದಲು ಜರ್ಮನಿಯಲ್ಲಿ ಸುಮಾರು 40 ಅಡಿ ಎತ್ತರದ ಕಂಬ ಹತ್ತಿದರು. ರೈಫಲ್‌ಗೂ ಕಂಬಕ್ಕೂ ಏನು ಸಂಬಂಧ? ಹೆದರಿಕೆಯ ನಡುವೆ ಮುಂದಿನ ಹೆಜ್ಜೆ ಇಡೋದರ ಅಭ್ಯಾಸ ಅದು. 2008ರ ಬೀಜಿಂಗ್‌ನಲ್ಲಿ ಕೊನೆಯ ಗುಂಡು 10.8, ಕೊರಳಿಗೆ ಚಿನ್ನ. 2011ರ ವಿಶ್ವಕಪ್ ಗೆದ್ದ ಭಾರತ ತಂಡದ ಜೊತೆ ಪ್ಯಾಡಿ ಆಪ್ಟನ್ ಅನ್ನೋ ಮಾನಸಿಕ ತರಬೇತುದಾರ ಇದ್ದರು. 2024ರಲ್ಲಿ ಚೆಸ್ ವಿಶ್ವ ಚಾಂಪಿಯನ್ ಆದ ಗುಕೇಶ್ ಜೊತೆಗೂ ಅವರೇ. ಅಂಥವರಿಗೇ ಈ ತರಬೇತಿ ಬೇಕಂತೆ, ನಮ್ಮ ಎಂಟನೇ ಕ್ಲಾಸಿನ ಮಗುವಿಗೆ ಮಾತ್ರ "ಧೈರ್ಯ ಮಾಡು" ಅನ್ನೋ ಎರಡು ಪದ ಸಾಕಂತೆ!

ಇದೆಲ್ಲ ಫಾರಿನ್ ವಿದ್ಯೆ ಅಂತ ಮೂಗು ಮುರೀಬೇಡಿ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವನನ್ನು ನೋಡಿ. ಸೀದಾ ಹೋಗಿ ಎತ್ತುತ್ತಾನಾ? ಕಲ್ಲಿಗೆ ಕೈಮುಗೀತಾನೆ, ಸುತ್ತ ಒಂದು ಸಲ ನಡೀತಾನೆ, ಅಂಗೈಗೆ ಮಣ್ಣು ತಿಕ್ಕಿಕೊಳ್ತಾನೆ, ಉಸಿರು ಹಿಡಿದು ಬಾಗ್ತಾನೆ. ಜನ ಎಷ್ಟೇ ಕೂಗಲಿ, ಅವನ ಕ್ರಮ ಬದಲಾಗಲ್ಲ. ಅದು ಭಕ್ತಿಯೂ ಹೌದು, ಮನಸ್ಸಿಗೆ ಹಾಕಿದ ಹಳಿಯೂ ಹೌದು. ಕಣಕ್ಕಿಳಿಯುವ ಪೈಲ್ವಾನ್ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳೋದೂ ಇದೇ.

ಓಡುವ ಹುಡುಗಿಗೂ ಅಂಥದ್ದೊಂದು ಕ್ರಮ ಕೊಡಿ. ಲೇಸ್ ಬಿಗಿ ಮಾಡು, ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ಉಸಿರು ಹೊರಗೆ ಬಿಡೋದು ನಿಧಾನವಾದಷ್ಟು ಎದೆ ಬಡಿತ ಇಳಿಯುತ್ತೆ. ಆಮೇಲೆ ಒಂದೇ ಒಂದು ಮಾತು, ಆಕೆಯದೇ ಭಾಷೆಯಲ್ಲಿ: "ನುಗ್ಗು." ದಿನಾ ಅಭ್ಯಾಸದಲ್ಲೂ ಇದೇ ಆಗಬೇಕು. ರಾಯಚೂರಿಗೆ ಹೋದ ದಿನ ಹೊಸದಾಗಿ ಹೇಳಿಕೊಟ್ಟರೆ ಅದೂ ಒಂದು ಹೊರೆ. ರಾತ್ರಿ ಮಲಗುವ ಮುಂಚೆ ಕಣ್ಣು ಮುಚ್ಚಿ ಇಡೀ ಓಟವನ್ನು ನಿಜವಾದ ವೇಗದಲ್ಲೇ ನೋಡಿಕೊಳ್ಳಲಿ: ಕಾಲಡಿಯ ಮಣ್ಣು, ಸೀಟಿಯ ಸದ್ದು, ಪಕ್ಕದವಳ ಉಸಿರು. ಬರೀ ಪದಕ ಹಾಕಿಕೊಳ್ಳುವ ಕನಸು ಕಂಡರೆ ಅದು ಅಭ್ಯಾಸ ಆಗಲ್ಲ.

ನಿದ್ದೆ, ಊಟ ಬಿಡುವಷ್ಟು ಆತಂಕ ಇದ್ದರೆ ಅದು ಬೇರೆ ವಿಷಯ. ಆಗ ಟೆಲಿಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಮಸ್ಕಿಯವರಿಗೆ ಒಂದು ಮಾತು. 1915ರಲ್ಲಿ ನಿಮ್ಮೂರ ಬಂಡೆಯಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕಿತು. ಅದನ್ನು ಕಂಡವರು ಬೀಡನ್ ಎಂಬ ಗಣಿ ಎಂಜಿನಿಯರ್. (ನಮ್ಮ ಜಾತಿಯವರು, ಹೆಮ್ಮೆ ಪಡಲಿಕ್ಕೆ ಬಿಡಿ!) ಹೆಸರಿನ ವಿಷಯ ಎಲ್ಲರಿಗೂ ಗೊತ್ತು. ಅದರಲ್ಲಿ ಬರೆದಿದ್ದನ್ನು ಓದಿದವರು ಕಮ್ಮಿ. ದೊಡ್ಡವರಿಗೆ ಮಾತ್ರ ಇದು ಸಾಧ್ಯ ಅಂತ ತಿಳಿಯಬೇಡಿ, ಧರ್ಮದ ಹಾದಿ ಹಿಡಿದರೆ ಸಣ್ಣವರೂ ಅಲ್ಲಿಗೆ ಮುಟ್ಟಬಹುದು ಅನ್ನೋ ಅರ್ಥದ ಮಾತು ಅಲ್ಲಿದೆ. ಅಶೋಕ ಹೇಳಿದ್ದು ಧರ್ಮದ ಬಗ್ಗೆ, ಓಟದ ಬಗ್ಗೆ ಅಲ್ಲ. ಆದರೂ "ನಮ್ಮಂಥವರಿಗಲ್ಲ" ಅನ್ನೋ ಮಾತಿಗೆ ಆ ಊರಲ್ಲೇ ಅಷ್ಟು ಹಳೆಯ ಉತ್ತರ ಇದೆ.

ಪಿ.ಟಿ. ಸರ್‌ಗಳಿಗೆ ನನ್ನದು ಒಂದೇ ವಿನಂತಿ. ಜಿಲ್ಲಾ ಕೂಟಕ್ಕೆ ಹೋಗುವ ಮುಂಚೆ ಒಂದು ಸಂಜೆ ಊರವರನ್ನು ಮೈದಾನದ ಸುತ್ತ ನಿಲ್ಲಿಸಿ, ಮೈಕ್ ಹಾಕಿ, ಗದ್ದಲ ಮಾಡಿಸಿ, ಆ ಗದ್ದಲದಲ್ಲೇ ಮಕ್ಕಳನ್ನು ಓಡಿಸಿ. ರಾಯಚೂರಿಗೆ ಸಾಧ್ಯವಾದರೆ ಹಿಂದಿನ ದಿನವೇ ಕರೆದುಕೊಂಡು ಹೋಗಿ, ಖಾಲಿ ಮೈದಾನದಲ್ಲಿ ಒಂದು ಸುತ್ತು ನಡೆಸಿ. ಓಟದ ಗೆರೆಯ ಹತ್ತಿರ ಮಾತ್ರ ಯಾರೂ ಕೂಗಬೇಡಿ.