ಫೋನಿನ ಸಂತೆಗೂ ಕಟ್ಟಳೆ ಬೇಡ್ವಾ?

(ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ಯುವಜನರ ಸಭೆಯಲ್ಲಿ ಆಡಿದ ಮಾತು)



ಮೊದ್ಲು ಸಂತೆಯಿಂದ ಶುರು ಮಾಡೋಣ. ಉಳವರ್ ಸಂದೈ ನಮಗೆಲ್ಲ ಗೊತ್ತು. ಉಳುವವರ ಸಂತೆ ಅಂದ್ರೂ ಅದೇ, ಎರಡೂ ಒಂದೇ ಬೇರಿನ ಮಾತು. 1999ರಲ್ಲಿ ತಮಿಳುನಾಡು ಸರ್ಕಾರ ಇದನ್ನ ಶುರು ಮಾಡ್ತು. ಅದಕ್ಕೂ ಮುಂಚೆ ಮಾರುಕಟ್ಟೆ ಇರಲಿಲ್ವಾ? ಇತ್ತು. ರೈತ ಯಾರಿಗೆ ಬೇಕಾದ್ರೂ ಮಾರಬಹುದಿತ್ತು. ಆದ್ರೆ ಜಾಗ, ತಕ್ಕಡಿ, ದರ ಮೂರೂ ದಲ್ಲಾಳಿ ಕೈಲಿದ್ರೆ ಆ ಸ್ವಾತಂತ್ರ್ಯ ಇಟ್ಕೊಂಡು ರೈತ ಏನ್ ಮಾಡ್ತಾನೆ? ಸರ್ಕಾರ ಜಾಗ ಕೊಡ್ತು, ರೈತರಿಗೆ ಗುರುತಿನ ಚೀಟಿ ಕೊಡ್ತು, ದಿನದ ದರ ಹಲಗೆ ಮೇಲೆ ಬರೆಸ್ತು. ವ್ಯಾಪಾರ ಏನೂ ನಿಂತುಹೋಗ್ಲಿಲ್ಲ.

ಈಗ ನಮ್ಮ ಕೈಲಿರೋ ಸಂತೆ ನೋಡಿ. ಆಂಡ್ರಾಯ್ಡ್ ಫೋನಿನಲ್ಲಿ ಮೈದಾನವೂ ಗೂಗಲ್‌ದು, ಮುಂದಿನ ಸಾಲಿನ ಅಂಗಡಿಗಳೂ ಗೂಗಲ್‌ದೇ. ಫೋನ್ ಕಂಪನಿಗೆ ಪ್ಲೇ ಸ್ಟೋರ್ ಬೇಕಾದ್ರೆ ಗೂಗಲ್‌ನ ಉಳಿದ ಆ್ಯಪ್‌ಗಳನ್ನೂ ಹಾಕ್ಕೊಂಡೇ ಮಾರಬೇಕು ಅಂತ ಕರಾರಿತ್ತು. ಇದರ ಮೇಲೆ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಹೋಯ್ತು. ಕೊಟ್ಟೋರು ಯಾರು ಗೊತ್ತಾ? ಇಬ್ಬರು ಕಿರಿಯ ಸಂಶೋಧನಾ ಸಹಾಯಕರು, ಒಬ್ಬ ಕಾನೂನು ವಿದ್ಯಾರ್ಥಿ. ಹೆಚ್ಚುಕಮ್ಮಿ ನಿಮ್ಮ ಓರಗೆಯವರೇ. 2022ರ ಅಕ್ಟೋಬರ್ 20ರಂದು ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಮುಂದಿನ ಜನವರಿಯಲ್ಲಿ ಗೂಗಲ್ ತನ್ನ ಕರಾರು ಸಡಿಲಿಸಿತು. ಯಾವ ಹುಡುಕು ಯಂತ್ರ ಬೇಕು ಅಂತ ಬಳಸೋರೇ ಆರಿಸಬಹುದು ಅಂತು.

ಪೂರ್ತಿ ಗೆಲುವು ಅಂತ ಕುಣಿಯೋದು ಬೇಡ. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನ ಎತ್ತಿಹಿಡಿದರೂ ಆಯೋಗದ ನಾಲ್ಕು ಸೂಚನೆಗಳನ್ನ ರದ್ದು ಮಾಡಿತು. ಬೇರೆಯವರ ಆ್ಯಪ್ ಅಂಗಡಿಗೂ ಪ್ಲೇ ಸ್ಟೋರ್ ಒಳಗೆ ಜಾಗ ಕೊಡಬೇಕು ಅನ್ನೋದು ಅದರಲ್ಲಿ ಒಂದು. ಇದು ನಮಗೆ ನೇರ ತಾಗೋ ವಿಷಯ. 2024ರ ಫೆಬ್ರವರಿಯಲ್ಲಿ ಫೋನ್‌ಪೇಯವರು ಇಂಡಸ್ ಆ್ಯಪ್‌ಸ್ಟೋರ್ ತಂದರು, 12 ಭಾರತೀಯ ಭಾಷೆಗಳಲ್ಲಿ, ಕನ್ನಡದಲ್ಲೂ. (ಅದೂ ದೊಡ್ಡ ಕಂಪನಿದೇ, ನಮ್ಮ ನೆಂಟರೇನಲ್ಲ.) ಆದ್ರೆ ಮೈದಾನದ ಒಳಗೆ ಜಾಗ ಇಲ್ಲದ ಅಂಗಡಿ ಪೆನ್ನಾಗರದ ಹಳ್ಳಿಯ ಅಜ್ಜಿ ಕಣ್ಣಿಗೆ ಬೀಳೋದು ಹೇಗೆ?

ಇನ್ನೊಂದು ನೆನಪು ಮಾಡ್ಕೊಳ್ಳಿ. 2021ರ ಜೂನ್‌ನಲ್ಲಿ ಭಾರತದ ಕೆಟ್ಟ ಭಾಷೆ ಯಾವುದು ಅಂತ ಹುಡುಕಿದ್ರೆ ಗೂಗಲ್ 'ಕನ್ನಡ' ಅಂತ ತೋರಿಸ್ತಿತ್ತು. ನಾವೂ ಕೆರಳಿದ್ವಿ. ಕರ್ನಾಟಕ ಸರ್ಕಾರ ನೋಟಿಸ್ ಮಾತಾಡ್ತು, ಗೂಗಲ್ ಕ್ಷಮೆ ಕೇಳ್ತು. ಸರಿ. ಆದ್ರೆ ಸಿಟ್ಟಿಗೆ ಸಿಕ್ಕೋದು ಒಂದು ದಿನದ ಕ್ಷಮೆ. ನಿಯಮ ಇದ್ರೆ ಮಾರನೇ ದಿನವೂ ಕೇಳಬಹುದು. ಅಲ್ದೆ, ಕರ್ನಾಟಕದ ಬೆನ್ನಿಗೆ ಒಂದು ಸರ್ಕಾರ ಇದೆ. ಗಡಿಯ ಈಚೆ ಇರೋ ನಮ್ಮ ಪರವಾಗಿ ಫೋನ್ ಕಂಪನಿ ಹತ್ರ ಮಾತಾಡೋರು ಯಾರು?

ನಮ್ಮ ಅನುಭವ ಹೇಳ್ತೀವಿ. ಹೊಗೆನಕಲ್‌ನ ಈ ದಡದಲ್ಲಿ ಒಂದು ಆ್ಯಪ್ ತೆರೆದ್ರೆ ಎಲ್ಲಾ ತಮಿಳು. ತೆಪ್ಪದಲ್ಲಿ ಆ ದಡಕ್ಕೆ ಹೋಗಿ ತೆರೆದ್ರೆ ಅದೇ ಆ್ಯಪ್ ಕನ್ನಡ ಮಾತಾಡುತ್ತೆ! ತಮಿಳು ನಮಗೆ ಬರುತ್ತೆ, ಅದರ ಮೇಲೆ ಮುನಿಸಿಲ್ಲ. ಆದ್ರೆ ನಮ್ಮ ಮನೆಮಾತು ಯಾವುದು ಅಂತ ಪಿನ್‌ಕೋಡ್ ನೋಡಿ ಕಂಪನಿ ಯಾಕೆ ತೀರ್ಮಾನ ಮಾಡಬೇಕು? ಸೇಲಂನ ದೇವಾಂಗದ ಮನೆಗಳಲ್ಲಿ ಮಗ್ಗದ ಮುಂದೆ ಕನ್ನಡ ಆಡ್ತಾರೆ ಅನ್ನೋದು ಆ ಲೆಕ್ಕಕ್ಕೆ ಸಿಗೋದೇ ಇಲ್ಲ.

2024ರ ಮಾರ್ಚ್‌ನಲ್ಲಿ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು ಹೊರಗಿಟ್ಟು ಜನರ ಅಭಿಪ್ರಾಯ ಕೇಳಿತ್ತು. ತಪ್ಪು ನಡೆದ ಮೇಲೆ ವರ್ಷಗಟ್ಟಲೆ ವಿಚಾರಣೆ ಮಾಡೋದಕ್ಕಿಂತ, ಬಹಳ ದೊಡ್ಡ ಕಂಪನಿಗಳಿಗೆ ಮೊದಲೇ ಗೆರೆ ಹಾಕೋಣ ಅನ್ನೋದು ಅದರ ದಾರಿ. ತಮ್ಮ ಸರಕನ್ನೇ ಮುಂದೆ ತಳ್ಳಬಾರದು, ಒಂದರ ಜತೆ ಇನ್ನೊಂದನ್ನ ಕಟ್ಟಿ ಕೊಡಬಾರದು, ಹೀಗೆ. ಗೆರೆ ಬಿಗಿಯಾದ್ರೆ ಹೊಸ ಸಣ್ಣ ಕಂಪನಿಗಳಿಗೂ ಏಟು ಅನ್ನೋರಿದ್ದಾರೆ. ಆ ಮಾತನ್ನೂ ತಳ್ಳಿಹಾಕೋ ಹಾಗಿಲ್ಲ. ನಮ್ಮ ಬೇಡಿಕೆ ಚಿಕ್ಕದು: ಆಯ್ಕೆ ಅಂದ್ರೆ ಭಾಷೆಯ ಆಯ್ಕೆಯೂ ಸೇರಲಿ, ಅದು ಬಳಸೋರ ಕೈಲಿರಲಿ.

ಊಟ ಆದ್ಮೇಲೆ ಎಲ್ಲರೂ ಫೋನ್ ತೆಗೀರಿ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಇಡೋಣ. ಯಾವ ಆ್ಯಪ್ ಒಪ್ಪಲ್ವೋ ಅದರ ಸ್ಕ್ರೀನ್‌ಶಾಟ್ ತೆಗೆದು, ಊರು, ತಾರೀಕು ಬರೆದು ನಮಗೆ ಕಳ್ಸಿ. ಸಚಿವಾಲಯಕ್ಕೆ ಬರೆಯೋ ಪತ್ರದ ಜತೆ ಅವನ್ನೆಲ್ಲ ಲಗತ್ತಿಸ್ತೀವಿ.